ಮಗಳು ರಾಜ್ಯದ ಖಜಾಂಚಿಯಾಗಲು ಹೊರಟಿದ್ದಾಳೆ: ಒಬ್ಬ ತಂದೆಯ ಪತ್ರಕ್ಕೆ ಉತ್ತರ

ಪ್ರಶ್ನೆ: ನಾನು ಮೈಸೂರಿನಲ್ಲಿರುವ ನಿವೃತ್ತ ಬ್ಯಾಂಕ್ ಅಧಿಕಾರಿ. ಮಗಳು ಹದಿನೆಂಟು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಈಗ ಅಲ್ಲಿನ ಪ್ರಜೆ. ಲೆಕ್ಕಪರಿಶೋಧನೆಯ ಸಂಸ್ಥೆಯೊಂದರಲ್ಲಿ ಒಳ್ಳೆಯ ಕೆಲಸವಿದೆ. ಎರಡು ವರ್ಷ ಕನ್ನಡ ಕೂಟದ ಖಜಾಂಚಿಯೂ ಆಗಿದ್ದಳು. ಈಗ ರಾಜಕೀಯಕ್ಕೆ ಇಳಿಯುತ್ತೇನೆ, ಹತ್ತು ಹದಿನೈದು ವರ್ಷಗಳಲ್ಲಿ ರಾಜ್ಯದ ಖಜಾಂಚಿ ಹುದ್ದೆಗೆ ಸ್ಪರ್ಧಿಸುತ್ತೇನೆ ಎನ್ನುತ್ತಾಳೆ. ಮೊದಲ ಹೆಜ್ಜೆಯಾಗಿ, ನಗರಸಭೆಗೆ ನಿಂತಿರುವ ಪರಿಚಿತರೊಬ್ಬರ ಪ್ರಚಾರ ಸಮಿತಿಗೆ ಖಜಾಂಚಿಯಾಗಿ ಸಹಿ ಹಾಕಲು ಈ ತಿಂಗಳೇ ಒಪ್ಪಿಕೊಳ್ಳುವವಳಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲ. ರಾಜ್ಯದ ಖಜಾಂಚಿ ಎಂದರೆ ಹಣ ಕಾಯುವ ಗುಮಾಸ್ತನ ಕೆಲಸವೇ, ಹಣಕಾಸು ಮಂತ್ರಿಯ ಕೆಲಸವೇ? ಅಲ್ಲಿಗೆ ಹೋದವರು ಮೇಲೇರುತ್ತಾರೋ, ಅಲ್ಲಿಯೇ ಉಳಿದುಬಿಡುತ್ತಾರೋ? ಹಣದ ಜಾಗವಾದ್ದರಿಂದ ನಾಳೆ ಯಾರೋ ಮಾಡಿದ ತಪ್ಪಿಗೆ ಇವಳು ತಲೆ ಕೊಡಬೇಕಾದೀತೇ? ಅವಳು ಹಟ ಹಿಡಿದರೆ ನನ್ನ ನಿವೃತ್ತಿಯ ಹಣದಲ್ಲಿ ಸ್ವಲ್ಪ ಪ್ರಚಾರಕ್ಕೆ ಕಳುಹಿಸಬೇಕೆಂದಿದ್ದೇನೆ. ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಅವುಗಳ ಕೆಳಗಿನ ಭಯ ಒಂದೇ. ಹಣವೂ ರಾಜಕೀಯವೂ ಕೂಡುವ ಜಾಗದಲ್ಲಿ ನಿಂತರೆ ಮಗಳ ಹೆಸರು ಉಳಿದೀತೇ ಎಂಬ ಭಯ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಹಿ ಹಾಕಿದವರಿಗೆ ಸಹಿಯ ಬೆಲೆ ಗೊತ್ತಿರುತ್ತದೆ. ಆದ್ದರಿಂದ ನಿಮ್ಮ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಕ್ಯಾಲಿಫೋರ್ನಿಯಾದ ನಗರವೊಂದರ ಸಾಲಪತ್ರ ವಿಭಾಗದಲ್ಲಿ 23 ವರ್ಷ ಕೆಲಸ ಮಾಡಿದ್ದೇನೆ. ಚುನಾಯಿತ ಖಜಾಂಚಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ.

ಮೊದಲು ತುರ್ತಿನ ಎರಡು ಮಾತು.

ಹಣ ಕಳುಹಿಸಬೇಡಿ. ಒಂದು ಡಾಲರ್ ಕೂಡ ಬೇಡ. ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿನ ಕಾಯಂ ನಿವಾಸದ ಗ್ರೀನ್ ಕಾರ್ಡ್ ಕೂಡ ಇಲ್ಲದ ವ್ಯಕ್ತಿ ಅಲ್ಲಿನ ಯಾವ ಚುನಾವಣೆಗೂ ಹಣ ಕೊಡುವಂತಿಲ್ಲ. ಅಧ್ಯಕ್ಷರ ಚುನಾವಣೆಯಿಂದ ಹಿಡಿದು ಸಣ್ಣ ಊರಿನ ಶಾಲಾ ಮಂಡಳಿಯವರೆಗೆ ಈ ನಿಷೇಧ ಒಂದೇ. ಮಗಳ ಖಾತೆಗೆ ಉಡುಗೊರೆ ಎಂದು ಕಳುಹಿಸಿ ಅವಳು ಅದನ್ನು ಪ್ರಚಾರಕ್ಕೆ ಹಾಕಿದರೂ ಕಾನೂನಿನ ಕಣ್ಣಿಗೆ ಅದು ನಿಮ್ಮ ಹಣವೇ. ಒಳ್ಳೆಯ ಮನಸ್ಸಿನಿಂದ ಅಪ್ಪ ಕಳುಹಿಸಿದ ಐದು ಸಾವಿರ ಡಾಲರ್, ಎದುರಾಳಿಯ ಕೈಗೆ ಸಿಕ್ಕಾಗ 'ವಿದೇಶಿ ಹಣ' ಎಂಬ ತಲೆಬರಹವಾಗುತ್ತದೆ. ನೀವು ಅಲ್ಲಿಗೆ ಹೋಗಿದ್ದಾಗ ಸಂಬಳವಿಲ್ಲದೆ ಮನೆ ಮನೆಗೆ ಕರಪತ್ರ ಹಂಚಬಹುದು, ಲಕೋಟೆಗಳಿಗೆ ಅಂಚೆಚೀಟಿ ಅಂಟಿಸಬಹುದು. ಹಣ ಎಲ್ಲಿ ಖರ್ಚಾಗಬೇಕು ಎಂದು ತೀರ್ಮಾನಿಸುವ ಮಾತುಕತೆಯಲ್ಲಿ ಮಾತ್ರ ಕೂರುವಂತಿಲ್ಲ.

ಎರಡನೆಯದು, ಈ ತಿಂಗಳ ಸಹಿ. 'ಖಜಾಂಚಿ' ಎಂಬ ಒಂದೇ ಪದ ಇಲ್ಲಿ ಮೂರು ಬೇರೆ ಕೆಲಸಗಳಿಗೆ ಬಳಕೆಯಾಗುತ್ತಿದೆ. ಕನ್ನಡ ಕೂಟದ ಖಜಾಂಚಿ ಎಂದರೆ ಯುಗಾದಿ ಊಟದ ಚಂದಾ, ಸಭಾಂಗಣದ ಬಾಡಿಗೆ, ವರ್ಷದ ಕೊನೆಗೆ ಒಂದು ಲೆಕ್ಕಪತ್ರ. ಪ್ರಚಾರ ಸಮಿತಿಯ ಖಜಾಂಚಿಯ ಕೆಲಸ ಕೇಳಲು ಹಾಗೆಯೇ ಇದೆ, ಆದರೆ ಅದು ಕಾನೂನಿನ ಹೊರೆ ಹೊತ್ತ ಹುದ್ದೆ. ಖಜಾಂಚಿ ಇಲ್ಲದೆ ಸಮಿತಿ ಒಂದು ಡಾಲರ್ ಪಡೆಯುವಂತೆಯೂ ಇಲ್ಲ, ಖರ್ಚು ಮಾಡುವಂತೆಯೂ ಇಲ್ಲ. ಲೆಕ್ಕದ ನಮೂನೆಗೆ ಅವರು ಹಾಕುವ ಸಹಿ ಪ್ರಮಾಣವಚನಕ್ಕೆ ಸಮ. ತಪ್ಪಾದರೆ ಅಭ್ಯರ್ಥಿಯ ಜೊತೆ ಖಜಾಂಚಿಯೂ ಹೊಣೆ. 1974ರ ಕಾನೂನಿನಡಿ ರಚನೆಯಾದ ರಾಜ್ಯದ ಆಯೋಗ ಒಂದೊಂದು ಉಲ್ಲಂಘನೆಗೂ 5,000 ಡಾಲರ್‌ವರೆಗೆ ದಂಡ ಹಾಕಬಹುದು.

ನನ್ನ ಪರಿಚಿತರೊಬ್ಬರು ಸ್ನೇಹಿತನಿಗಾಗಿ ಹೀಗೆ ಸಹಿ ಹಾಕಿದ್ದರು. ಒಂದು ಶನಿವಾರ ಅವರ ಅಡುಗೆಮನೆಯ ಮೇಜಿನ ಮೇಲೆ ಬೂಟಿನ ಡಬ್ಬಿಯೊಂದನ್ನು ಸುರಿದು ನನ್ನನ್ನು ಸಹಾಯಕ್ಕೆ ಕರೆದರು. ಚೆಕ್‌ಗಳ ನೆರಳಚ್ಚುಗಳು, ಮಡಚಿದ ಲಕೋಟೆಗಳು, ಔತಣಕೂಟದಲ್ಲಿ ಬರೆದುಕೊಂಡ ಚೀಟಿಗಳು. ನೂರು ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರ ಹೆಸರು, ವಿಳಾಸ ಮಾತ್ರವಲ್ಲ, ಉದ್ಯೋಗವೇನು, ಯಾರ ಬಳಿ ಕೆಲಸ ಎಂಬುದೂ ದಾಖಲಾಗಬೇಕು. 60 ದಿನಗಳಲ್ಲಿ ಆ ವಿವರ ಸಿಗದಿದ್ದರೆ ಹಣ ಹಿಂದಿರುಗಿಸಬೇಕು. ಆ ಡಬ್ಬಿಯಲ್ಲಿ ಎಷ್ಟೋ ಚೆಕ್‌ಗಳ ಮುಂದೆ ಬರೀ 'ರಮೇಶನ ಗೆಳೆಯರು' ಎಂಬಂಥ ಟಿಪ್ಪಣಿ. ಯಾರೂ ಕದ್ದಿರಲಿಲ್ಲ. ಎರಡು ವರ್ಷದ ನಂತರ ನೋಟಿಸು ಬಂದದ್ದು ಮಾತ್ರ ಅವರ ಹೆಸರಿಗೇ. ಆ ವೇಳೆಗೆ ಸ್ನೇಹಿತ ಸೋತು ಬೇರೆ ಊರು ಸೇರಿದ್ದ.

ಆದ್ದರಿಂದ ಮಗಳಿಗೆ ಹೇಳಿ: ಬ್ಯಾಂಕ್ ಖಾತೆಯನ್ನು ತಾನೇ ಪ್ರತಿದಿನ ನೋಡುವ ಅಧಿಕಾರವಿದ್ದರೆ, ತನ್ನ ಒಪ್ಪಿಗೆಯಿಲ್ಲದೆ ಯಾರೂ ಖರ್ಚು ಮಾಡುವುದಿಲ್ಲ ಎಂಬ ಲಿಖಿತ ಒಪ್ಪಂದವಿದ್ದರೆ ಸಹಿ ಹಾಕಬಹುದು. ನಮೂನೆಗಳನ್ನು ಸಿದ್ಧಪಡಿಸಲು ವೃತ್ತಿಪರರಿಗೆ ಸಂಬಳ ಕೊಡಲು ಅಭ್ಯರ್ಥಿ ಒಪ್ಪಿರಬೇಕು ಎಂಬುದು ನನ್ನ ಮೂರನೆಯ ಷರತ್ತು. ಇಲ್ಲವಾದರೆ ಅಭ್ಯರ್ಥಿಯೇ ತನ್ನ ಖಜಾಂಚಿಯಾಗಲಿ, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಇದರ ಇನ್ನೊಂದು ಮಗ್ಗುಲೂ ಅವಳಿಗೆ ಗೊತ್ತಿರಲಿ. ಕಿಂಡೆ ಡರ್ಕಿ ಎಂಬ ವೃತ್ತಿಪರ ಖಜಾಂಚಿ ಕ್ಯಾಲಿಫೋರ್ನಿಯಾದ ಎಷ್ಟೋ ರಾಜಕಾರಣಿಗಳ ಪ್ರಚಾರದ ಖಾತೆಗಳನ್ನು ನೋಡಿಕೊಳ್ಳುತ್ತಿದ್ದರು. 2011ರಲ್ಲಿ ಬಂಧನವಾಯಿತು. ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅವರಂಥ ಹಿರಿಯರ ಖಾತೆಯೂ ಬರಿದಾಗಿತ್ತು. ಕಳವಾದದ್ದು ಒಟ್ಟು 70 ಲಕ್ಷ ಡಾಲರ್‌ನಷ್ಟು, ಶಿಕ್ಷೆ ಎಂಟು ವರ್ಷ ಒಂದು ತಿಂಗಳು. ಸಹಿ ಇನ್ನೊಬ್ಬರದ್ದು, ಹಣ ತನ್ನದು ಎಂಬ ಸ್ಥಿತಿಯೂ ಅಪಾಯದ್ದೇ.

ಇನ್ನು ಮೂರನೆಯ ಖಜಾಂಚಿಗೆ, ರಾಜ್ಯದ ಖಜಾಂಚಿಗೆ ಬರೋಣ.

ನಮ್ಮಲ್ಲಿ ಖಜಾನೆ ಎಂದರೆ ಇಲಾಖೆ. ಹುಜೂರ್ ಖಜಾನೆ, ಜಿಲ್ಲಾ ಖಜಾನೆ, ಬಿಲ್ಲು, ಚಲನ್, ಈಗ ಖಜಾನೆ-2 ತಂತ್ರಾಂಶ. ಅಲ್ಲಿರುವವರು ಅಧಿಕಾರಿಗಳು, ಅವರನ್ನು ಯಾರೂ ಮತ ಹಾಕಿ ಕಳುಹಿಸುವುದಿಲ್ಲ. ಬಜೆಟ್ ಮಂತ್ರಿಯದು. ರಾಮಕೃಷ್ಣ ಹೆಗಡೆ, ಸಿದ್ದರಾಮಯ್ಯ ಮುಖ್ಯಮಂತ್ರಿಗಳಾಗಿದ್ದಾಗಲೂ ಹಣಕಾಸನ್ನು ಕೈಯಲ್ಲಿಟ್ಟುಕೊಂಡೇ ಬಜೆಟ್ ಮಂಡಿಸಿದವರು. ರಾಜ್ಯ ಸಾಲ ಎತ್ತಬೇಕಾದರೆ ಸಾಲಪತ್ರಗಳ ಹರಾಜನ್ನು ರಿಸರ್ವ್ ಬ್ಯಾಂಕ್ ನಡೆಸಿಕೊಡುತ್ತದೆ. ಹೀಗಾಗಿ 'ಚುನಾಯಿತ ರಾಜ್ಯ ಖಜಾಂಚಿ' ಎಂದರೆ ನಮ್ಮ ಕಣ್ಣಮುಂದೆ ಯಾವ ಚಿತ್ರವೂ ಬರುವುದಿಲ್ಲ. ಬಂದರೆ ಪಕ್ಷದ ಖಜಾಂಚಿಯ ಚಿತ್ರ ಬರುತ್ತದೆ. ನಿಮ್ಮ ಆತಂಕದ ಅರ್ಧ ಪಾಲು ಆ ಚಿತ್ರದಿಂದಲೇ ಹುಟ್ಟಿದೆ ಎಂದು ನನಗನ್ನಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಬಜೆಟ್ ಸಿದ್ಧಪಡಿಸುವುದು ಗವರ್ನರ್ (ನಮ್ಮ ಮುಖ್ಯಮಂತ್ರಿಯಂಥವರು) ಕೈಕೆಳಗಿನ ಹಣಕಾಸು ಇಲಾಖೆ. ಪಾವತಿಯ ಆದೇಶ ಹೊರಡಿಸುವುದು ಕಂಟ್ರೋಲರ್. ಖಜಾಂಚಿ ರಾಜ್ಯದ ಬ್ಯಾಂಕರ್. ಬಂದ ಹಣವನ್ನು ಖರ್ಚಾಗುವವರೆಗೆ ಹೂಡಿಕೆ ಮಾಡುವುದು, ರಾಜ್ಯದ ಬಾಂಡ್‌ಗಳನ್ನು, ಅಂದರೆ ಸಾಲಪತ್ರಗಳನ್ನು, ಮಾರುವುದು, ತೀರಿಸುವುದು ಅವರ ಕೆಲಸ. ಗವರ್ನರ್, ಕಂಟ್ರೋಲರ್, ಖಜಾಂಚಿ ಮೂವರನ್ನೂ ಜನರೇ ಬೇರೆ ಬೇರೆಯಾಗಿ ಆರಿಸುತ್ತಾರೆ. ಒಬ್ಬರ ಕೈಯಲ್ಲಿ ಎಲ್ಲ ಕೀಲಿಕೈ ಇರಬಾರದು ಎಂಬುದೇ ಇದರ ಹಿಂದಿನ ಲೆಕ್ಕಾಚಾರ. ಬ್ಯಾಂಕಿನ ಲಾಕರ್ ಕೋಣೆಗೆ ಎರಡು ಕೀಲಿ ಇರುತ್ತಿತ್ತಲ್ಲವೇ, ಹಾಗೆ. ಲೆಕ್ಕಪರಿಶೋಧಕರೇ ಆಗಿರಬೇಕೆಂಬ ನಿಯಮವಿಲ್ಲ. ಪ್ರಜೆಯಾಗಿ ಮತದಾರರ ಪಟ್ಟಿಯಲ್ಲಿದ್ದರೆ ಸಾಕು, ಅಲ್ಲೇ ಹುಟ್ಟಿರಬೇಕೆಂದೂ ಇಲ್ಲ. ಅವಧಿ ನಾಲ್ಕು ವರ್ಷ, ಎರಡೇ ಅವಧಿ.

ಬಾಂಡ್ ಮಾರಾಟದ ಬೆಳಗ್ಗೆಯನ್ನು ನೀವು ನೋಡಬೇಕು. ಕೋಣೆಯಲ್ಲಿ ಏಳೆಂಟು ಜನ, ಗೋಡೆಯ ಮೇಲೆ ಗಡಿಯಾರ, ಪರದೆಯ ಮೇಲೆ ಬಿಡ್‌ಗಳು ಒಂದೊಂದಾಗಿ ಬರುತ್ತವೆ. ಮೂರನೆಯ ದಶಮಾಂಶದವರೆಗೆ ಎಲ್ಲರ ಕಣ್ಣೂ ಅಂಟಿಕೊಂಡಿರುತ್ತದೆ. ನೂರು ಕೋಟಿ ಡಾಲರ್ ಸಾಲದಲ್ಲಿ ಬಡ್ಡಿ ಶೇಕಡಾ 0.01ರಷ್ಟು ಕಡಿಮೆಯಾದರೆ ವರ್ಷಕ್ಕೆ ಒಂದು ಲಕ್ಷ ಡಾಲರ್ ಉಳಿಯಿತು. ಅಸಲನ್ನು ಮೂವತ್ತು ವರ್ಷದ ಕೊನೆಗೆ ತೀರಿಸುವುದಾದರೆ ಉಳಿತಾಯ ಮೂವತ್ತು ಲಕ್ಷ. ಆ ಹಣದಲ್ಲಿ ಏನೇನು ಆಗಬಹುದಿತ್ತು ಎಂದು ಯೋಚಿಸುವ ಸ್ವಭಾವ ನಿಮ್ಮ ಮಗಳಿಗಿದ್ದರೆ ಈ ಹುದ್ದೆ ಅವಳಿಗೆ ರುಚಿಸುತ್ತದೆ. ಭಾಷಣದ ಚಪ್ಪಾಳೆ ಬೇಕಿದ್ದರೆ ರುಚಿಸುವುದಿಲ್ಲ.

ಗುಮಾಸ್ತನ ಕೆಲಸವೇ ಎಂದು ಕೇಳಿದ್ದೀರಿ. ಒಂದು ಕಾಲದಲ್ಲಿ ಹೆಚ್ಚುಕಡಿಮೆ ಹಾಗೆಯೇ ಇತ್ತು. ಅದನ್ನು ಬದಲಿಸಿದ ಮನುಷ್ಯನ ಕಥೆಯನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಅವರ ಜೀವನದಲ್ಲೇ ಉತ್ತರವಿದೆ.

ಜೆಸ್ ಅನ್‌ರೂ 1922ರಲ್ಲಿ ಕಾನ್ಸಸ್ ರಾಜ್ಯದ ನ್ಯೂಟನ್ನಿನಲ್ಲಿ, ಪಾಲಿಗೆ ಹೊಲ ಉಳುವ ಬಡ ಕುಟುಂಬದಲ್ಲಿ ಹುಟ್ಟಿದವರು. ಬೆಳೆದದ್ದು ಟೆಕ್ಸಾಸಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ನೌಕಾದಳ, ಆಮೇಲೆ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯ. ಮೊದಲು ಸೋತು, 1954ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಗೆದ್ದರು. 1959ರಲ್ಲಿ ಅವರ ಹೆಸರಿನದೇ ಒಂದು ಕಾನೂನು ಬಂತು. ವ್ಯಾಪಾರ ಮಾಡುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಗಿರಾಕಿಯನ್ನು ಹೊರಗಿಡುವಂತಿಲ್ಲ ಎಂಬುದು ಅದರ ಸಾರ. ಮೈಸೂರಿನಿಂದ ಹೋದ ನೀವು ಇಂದು ಅಲ್ಲಿನ ಹೋಟೆಲಿನ ಬಾಗಿಲು ತಳ್ಳಿದಾಗ ನಿಮ್ಮ ಬೆನ್ನಿಗಿರುವುದು ಆ ಕಾನೂನೇ.

1961ರಲ್ಲಿ ಸಭಾಧ್ಯಕ್ಷರಾದರು. ಏಳು ವರ್ಷಕ್ಕೂ ಮೀರಿ ಆ ಕುರ್ಚಿಯಲ್ಲಿದ್ದರು. ದೊಡ್ಡ ಮೈಕಟ್ಟು, ದೊಡ್ಡ ದನಿ. ಜನ 'ಬಿಗ್ ಡ್ಯಾಡಿ' ಎಂದು ಕರೆಯುತ್ತಿದ್ದರು. ಹಣವೇ ರಾಜಕೀಯದ ಎದೆಹಾಲು ಎಂದು ಬಾಯಿಬಿಟ್ಟು ಹೇಳಿದವರು ಅವರೇ. ದೇಣಿಗೆಯನ್ನು ತಾವು ಸಂಗ್ರಹಿಸಿ ತಮಗೆ ಬೇಕಾದ ಅಭ್ಯರ್ಥಿಗಳಿಗೆ ಹಂಚಿ ಹಿಡಿತ ಬೆಳೆಸಿದರು. 1963ರಲ್ಲಿ ಬಜೆಟ್ ವಿವಾದದಲ್ಲಿ ವಿರೋಧಿ ಸದಸ್ಯರು ಮತ ಹಾಕಲೊಪ್ಪದಿದ್ದಾಗ ಸಭಾಂಗಣದ ಬಾಗಿಲು ಹಾಕಿಸಿ ಅವರನ್ನು ರಾತ್ರಿಯಿಡೀ ಒಳಗೇ ಇರಿಸಿದರು. ಆ ಒಂದು ರಾತ್ರಿ ಅವರ ಹೆಸರಿಗೆ ಅಂಟಿದ ಕಲೆ ಕೊನೆಯವರೆಗೂ ಪೂರ್ತಿ ಹೋಗಲಿಲ್ಲ. ಅದೇ ಮನುಷ್ಯ 1966ರಲ್ಲಿ ಮತದಾರರ ಒಪ್ಪಿಗೆ ಪಡೆದು ಆ ಶಾಸನಸಭೆಯನ್ನು ಪೂರ್ಣಾವಧಿ ಕೆಲಸದ ವೃತ್ತಿಪರ ಸಭೆಯಾಗಿಸಿದರು. ಬಲವೂ ದೋಷವೂ ಒಂದೇ ಬೇರಿನಿಂದ ಬಂದವು. ಅವರನ್ನು ನಾನು ಆದರ್ಶ ಎನ್ನುತ್ತಿಲ್ಲ, ಆದರೆ ಕೆಲಸ ಬಲ್ಲವರು ಎನ್ನಲು ಹಿಂಜರಿಯುವುದಿಲ್ಲ.

ಆಮೇಲೆ ಇಳಿಜಾರು. 1968ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಹೊರಟಿದ್ದ ರಾಬರ್ಟ್ ಕೆನಡಿಯವರ ಪರವಾಗಿ ಕ್ಯಾಲಿಫೋರ್ನಿಯಾದಲ್ಲಿ ಪ್ರಚಾರದ ಮುಂದಾಳತ್ವ ವಹಿಸಿದ್ದರು. ಅಲ್ಲಿ ಪಕ್ಷದೊಳಗಿನ ಸ್ಪರ್ಧೆ ಗೆದ್ದ ರಾತ್ರಿಯೇ ಕೆನಡಿಯವರ ಮೇಲೆ ಗುಂಡು ಹಾರಿತು. 1970ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತು ರೊನಾಲ್ಡ್ ರೇಗನ್ ಎದುರು ಸೋತರು. 1973ರಲ್ಲಿ ಲಾಸ್ ಏಂಜಲೀಸಿನ ಮೇಯರ್ ಆಗಲು ಹೋಗಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. 1974ರಲ್ಲಿ ಖಜಾಂಚಿ ಹುದ್ದೆಗೆ ನಿಂತಾಗ, ಇದು ಮುಗಿದುಹೋದ ರಾಜಕಾರಣಿಯ ವಿಶ್ರಾಂತಿಧಾಮ ಎಂದೇ ಬಹಳ ಮಂದಿ ಬಗೆದರು.

ಗೆದ್ದು ಕುಳಿತ ಮೇಲೆ ಅವರು ಮಾಡಿದ್ದೇನು? ಹುದ್ದೆಯ ಕಾನೂನನ್ನು ಸಾಲು ಸಾಲಾಗಿ ಓದಿದರು. ಎಲ್ಲೆಲ್ಲಿ ಸಾರ್ವಜನಿಕ ಸಾಲ ಹುಟ್ಟುತ್ತದೋ, ಮನೆ, ಆಸ್ಪತ್ರೆ, ಮಾಲಿನ್ಯ ನಿಯಂತ್ರಣ, ಅಲ್ಲೆಲ್ಲ ಇರುವ ಮಂಡಳಿಗಳಲ್ಲಿ ಖಜಾಂಚಿಗೆ ಒಂದು ಕುರ್ಚಿ ಬರುವಂತೆ ನೋಡಿಕೊಂಡರು. ಶಾಸನಸಭೆಯ ಒಳಹೊರಗು ಬಲ್ಲವರಿಗೆ ಅದು ಕಷ್ಟವಾಗಲಿಲ್ಲ. 1977ರಲ್ಲಿ ಊರುಗಳು, ಶಾಲೆಗಳು ತಮ್ಮ ಹಣವನ್ನು ರಾಜ್ಯದ ಹಣದ ಜೊತೆ ಸೇರಿಸಿ ಹೂಡುವ ಸ್ಥಳೀಯ ಸಂಸ್ಥೆಗಳ ನಿಧಿ ಶುರುವಾಯಿತು. ನಾನು ಕೆಲಸ ಮಾಡುತ್ತಿದ್ದ ನಗರವೂ ಅದರಲ್ಲಿ ಹಣ ಇಡುತ್ತಿತ್ತು. ಬೆಳಗ್ಗೆ ಒಂದು ಫೋನ್ ಮಾಡಿದರೆ ಅಂದೇ ಹಣ ಕೈಸೇರುತ್ತಿತ್ತು. ಸಂಬಳದ ವಾರದಲ್ಲಿ ಅದರ ಬೆಲೆ ನಮಗೆ ಗೊತ್ತು.

ಇದಕ್ಕಿಂತ ದೊಡ್ಡದು ಪಿಂಚಣಿ ನಿಧಿ. ರಾಜ್ಯದ ನೌಕರರ ಮತ್ತು ಶಿಕ್ಷಕರ ಪಿಂಚಣಿ ಮಂಡಳಿಗಳಲ್ಲಿ ಖಜಾಂಚಿ ಪದನಿಮಿತ್ತ ಸದಸ್ಯ. 1984ರಲ್ಲಿ ಟೆಕ್ಸಾಕೋ ಎಂಬ ತೈಲ ಕಂಪನಿ ಒಂದು ಶ್ರೀಮಂತ ಕುಟುಂಬ ತನ್ನನ್ನು ನುಂಗಬಹುದೆಂದು ಭಯಪಟ್ಟು, ಆ ಕುಟುಂಬದ ಬಳಿಯಿದ್ದ ತನ್ನದೇ ಷೇರುಗಳನ್ನು ಮಾರುಕಟ್ಟೆಗಿಂತ ಹೆಚ್ಚಿನ ಬೆಲೆಗೆ ಕೊಂಡುಕೊಂಡಿತು. ಅದೇ ಷೇರು ಇಟ್ಟುಕೊಂಡಿದ್ದ ಕ್ಯಾಲಿಫೋರ್ನಿಯಾದ ಪಿಂಚಣಿ ನಿಧಿಗೆ ಆ ಬೆಲೆ ಸಿಗಲಿಲ್ಲ. ಶಾಲೆಯ ಮೇಷ್ಟ್ರ ಹಣಕ್ಕೆ ಒಂದು ದರ, ಬೆದರಿಸುವವರ ಹಣಕ್ಕೆ ಇನ್ನೊಂದು ದರ ಏಕೆ? ಅನ್‌ರೂ ಸುಮ್ಮನಿರಲಿಲ್ಲ. 1985ರಲ್ಲಿ ದೇಶದ ಇತರ ಸಾರ್ವಜನಿಕ ಪಿಂಚಣಿ ನಿಧಿಗಳನ್ನು ಒಟ್ಟುಗೂಡಿಸಿ ಸಾಂಸ್ಥಿಕ ಹೂಡಿಕೆದಾರರ ಪರಿಷತ್ತನ್ನು ಕಟ್ಟಿದವರಲ್ಲಿ ಅವರು ಮುಖ್ಯರು. ಕಂಪನಿಗಳ ಆಡಳಿತ ಮಂಡಳಿಯನ್ನು ಷೇರುದಾರರು ಪ್ರಶ್ನಿಸುವ ಪರಿಪಾಠ ಅಮೆರಿಕದಲ್ಲಿ ಬಲಗೊಂಡದ್ದರಲ್ಲಿ ಈ ಹೆಜ್ಜೆಯ ಪಾಲು ದೊಡ್ಡದು. ಎರಡೇ ಅವಧಿ ಎಂಬ ಮಿತಿ ಇನ್ನೂ ಇಲ್ಲದ ಆ ಕಾಲದಲ್ಲಿ 1978, 1982, 1986ರಲ್ಲಿ ಮತ್ತೆ ಮತ್ತೆ ಗೆದ್ದು, 1987ರ ಆಗಸ್ಟಿನಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು.

ಆದರೆ ಅವರ ಕಾಲದಲ್ಲಿ ರಾಜ್ಯದ ಬಾಂಡ್ ಮಾರಿಕೊಡುವ ವಾಲ್ ಸ್ಟ್ರೀಟಿನ ಸಂಸ್ಥೆಗಳೇ ಅವರ ಪ್ರಚಾರಕ್ಕೆ ದೇಣಿಗೆ ಕೊಡುತ್ತಿದ್ದವು. ಲಂಚ ಎನ್ನಲು ಸಾಕ್ಷಿ ಬೇಕು. ಹಿತಾಸಕ್ತಿಯ ಘರ್ಷಣೆ ಎನ್ನಲು ಸಾಮಾನ್ಯ ಬುದ್ಧಿ ಸಾಕು. ನಾನು ನನ್ನ ಕೆಲಸದ ಆರಂಭದಲ್ಲಿ ಹಿರಿಯರಿಂದ ಆ ಕಾಲದ ಔತಣಗಳ ವಿಷಯ ಬೇಕಾದಷ್ಟು ಕೇಳಿದ್ದೇನೆ. 1994ರಲ್ಲಿ ದೇಶದ ಮಟ್ಟದಲ್ಲಿ ನಿಯಮ ಬಂತು: ಬಾಂಡ್ ಮಾರುವ ಸಂಸ್ಥೆಯಾಗಲಿ, ಆ ವ್ಯವಹಾರ ಮಾಡುವ ಅದರ ಅಧಿಕಾರಿಯಾಗಲಿ ಖಜಾಂಚಿಯ ಪ್ರಚಾರಕ್ಕೆ ದೇಣಿಗೆ ಕೊಟ್ಟರೆ, ಎರಡು ವರ್ಷ ಆ ಸರ್ಕಾರದ ಜೊತೆ ಹರಾಜಿಲ್ಲದೆ, ಮಾತುಕತೆಯ ಮೂಲಕ ಬಾಂಡ್ ವ್ಯವಹಾರ ಮಾಡುವಂತಿಲ್ಲ. ತಾನು ಮತ ಹಾಕಬಲ್ಲ ಅಭ್ಯರ್ಥಿಗೆ 250 ಡಾಲರ್‌ವರೆಗೆ ಕೊಡಲು ಮಾತ್ರ ವಿನಾಯಿತಿ. ನಿಮ್ಮ ಮಗಳ ಸ್ನೇಹಿತರ ಬಳಗದಲ್ಲಿ ಹಣಕಾಸು ಸಂಸ್ಥೆಗಳಲ್ಲಿ ಇರುವವರು ಬಹಳ ಮಂದಿ ಇದ್ದಾರು. ಅವರ ಪ್ರೀತಿಯ ಒಂದು ಚೆಕ್ ಅವರ ಸಂಸ್ಥೆಯ ಎರಡು ವರ್ಷದ ವ್ಯವಹಾರ ಕೆಡಿಸಬಲ್ಲದು. ಇದನ್ನು ಅವಳು ಮೊದಲ ದಿನವೇ ಎಲ್ಲರಿಗೂ ತಿಳಿಸಿರಬೇಕು.

ಮೇಲೇರುವ ಏಣಿಯೇ ಎಂಬುದು ನಿಮ್ಮ ಮುಂದಿನ ಪ್ರಶ್ನೆ. ಕ್ಯಾಲಿಫೋರ್ನಿಯಾದ ದಾಖಲೆ ನೋಡಿದರೆ ಏಣಿ ಎನ್ನಲು ನನಗೆ ಧೈರ್ಯ ಬರುವುದಿಲ್ಲ. ಅನ್‌ರೂ ನಂತರ ಬಂದವರಲ್ಲಿ ಕ್ಯಾಥ್ಲೀನ್ ಬ್ರೌನ್ 1994ರಲ್ಲಿ ಗವರ್ನರ್ ಚುನಾವಣೆಯಲ್ಲಿ ಸೋತರು. ತಂದೆ, ಅಣ್ಣ ಇಬ್ಬರೂ ಗವರ್ನರ್ ಆಗಿದ್ದ ಮನೆತನದವರು ಅವರು. ಮ್ಯಾಟ್ ಫಾಂಗ್ 1998ರಲ್ಲಿ ಸೆನೆಟಿಗೆ, ಫಿಲ್ ಆಂಜಲಿಡಿಸ್ 2006ರಲ್ಲಿ ಗವರ್ನರ್ ಸ್ಥಾನಕ್ಕೆ, ಜಾನ್ ಚಿಯಾಂಗ್ 2018ರಲ್ಲಿ ಅದೇ ಸ್ಥಾನಕ್ಕೆ ಹೋಗಿ ಸೋತರು. ಬೇರೆಡೆ ಹಾಗಲ್ಲ. ಟೆಕ್ಸಾಸಿನಲ್ಲಿ ಆನ್ ರಿಚರ್ಡ್ಸ್ ಜಿಲ್ಲಾ ಮಟ್ಟದ ಕಮಿಷನರ್ ಆಗಿದ್ದವರು. 1982ರಲ್ಲಿ ಖಜಾಂಚಿಯಾಗಿ ಗೆದ್ದು, ರಾಜ್ಯಕ್ಕೆ ಬಂದ ಚೆಕ್‌ಗಳು ಬೇಗ ಬ್ಯಾಂಕ್ ಸೇರಿ ಬಡ್ಡಿ ತರುವಂತೆ ವ್ಯವಸ್ಥೆ ಬದಲಿಸಿ, 1990ರಲ್ಲಿ ಗವರ್ನರ್ ಆಗಿ ಆರಿಸಿಬಂದರು. ಅವರ ನಂತರ ಆ ಕುರ್ಚಿಗೆ ಬಂದ ಕೇ ಬೇಲಿ ಹಚಿಸನ್ 1993ರಲ್ಲಿ ಸೆನೆಟ್ ಸೇರಿದರು. ಖಜಾಂಚಿ ಕಚೇರಿಯ ಸಿಬ್ಬಂದಿಯನ್ನು ಸ್ವಂತ ಮತ್ತು ರಾಜಕೀಯ ಕೆಲಸಕ್ಕೆ ಬಳಸಿದರೆಂಬ ಮೊಕದ್ದಮೆ ಎದುರಿಸಿ 1994ರಲ್ಲಿ ಖುಲಾಸೆಯಾದರು. ಇದನ್ನೂ ಮಗಳು ಗಮನಿಸಲಿ: ಈ ಹುದ್ದೆಯಲ್ಲಿ ಕಳವಿನ ಆರೋಪಕ್ಕಿಂತ ಕಚೇರಿಯ ಫೋನ್, ಕಚೇರಿಯ ನೌಕರರ ಸಮಯ ಪ್ರಚಾರಕ್ಕೆ ಹೋಯಿತೆಂಬ ಆರೋಪ ಸುಲಭವಾಗಿ ಬರುತ್ತದೆ. ಅವರ ನಂತರ ಬಂದ ಮಾರ್ಥಾ ವೈಟ್‌ಹೆಡ್ ಅವರಂತೂ ಈ ಹುದ್ದೆಯೇ ಅನಗತ್ಯ, ನನ್ನನ್ನು ಆರಿಸಿದರೆ ಇದನ್ನು ರದ್ದು ಮಾಡಿಸುತ್ತೇನೆ ಎಂದು ಹೇಳಿಯೇ ಗೆದ್ದರು. ಹೇಳಿದಂತೆ ಮಾಡಿದರು. 1995ರಲ್ಲಿ ಮತದಾರರು ಒಪ್ಪಿ, 1996ರಲ್ಲಿ ಟೆಕ್ಸಾಸಿನ ಖಜಾಂಚಿ ಹುದ್ದೆ ಕಂಟ್ರೋಲರ್ ಕಚೇರಿಯಲ್ಲಿ ಸೇರಿಹೋಯಿತು. ಮಿಷಿಗನ್ನಿನಲ್ಲಿ ಖಜಾಂಚಿಯನ್ನು ಗವರ್ನರ್ ನೇಮಿಸುತ್ತಾರೆ, ಮೇರಿಲ್ಯಾಂಡಿನಲ್ಲಿ ಶಾಸನಸಭೆ ಆರಿಸುತ್ತದೆ. ಮಗಳು ಮುಂದೆ ರಾಜ್ಯ ಬದಲಿಸಿದರೆ ಅವಳ ಕನಸಿನ ಹುದ್ದೆಗೆ ಚುನಾವಣೆಯೇ ಇಲ್ಲದಿರಬಹುದು.

ಈಗ ನಿಮ್ಮ ಅತಿ ದೊಡ್ಡ ಭಯ, ಯಾರದೋ ತಪ್ಪಿಗೆ ತಲೆ ಕೊಡುವುದು. ಇದಕ್ಕೆ ನನ್ನ ವೃತ್ತಿಯಲ್ಲಿ ಎಲ್ಲರೂ ಕಲಿತ ಪಾಠ ಆರೆಂಜ್ ಕೌಂಟಿಯದು. ಅದು ರಾಜ್ಯದ ಹುದ್ದೆಯಲ್ಲ, ಜಿಲ್ಲೆಯಂಥ ಕೌಂಟಿಯ ಚುನಾಯಿತ ಖಜಾಂಚಿಯದು. ರಾಬರ್ಟ್ ಸಿಟ್ರನ್ ಎರಡು ದಶಕಕ್ಕೂ ಮೀರಿ ಅಲ್ಲಿದ್ದರು. ಕೌಂಟಿಯ, ಊರುಗಳ, ಶಾಲೆಗಳ ಹಣ ಸುಮಾರು 750 ಕೋಟಿ ಡಾಲರ್ ಅವರ ಕೈಯಲ್ಲಿತ್ತು. ಇದ್ದ ಸಾಲಪತ್ರಗಳನ್ನೇ ಒತ್ತೆಯಿಟ್ಟು ಅಲ್ಪಾವಧಿಗೆ ಸಾಲ ತಂದು, ಆ ಸಾಲದಲ್ಲಿ ದೀರ್ಘಾವಧಿಯ ಪತ್ರಗಳನ್ನು ಕೊಂಡು, ಒಟ್ಟು ಹೂಡಿಕೆಯನ್ನು 2,000 ಕೋಟಿ ದಾಟಿಸಿದರು. ಬಡ್ಡಿದರ ಇಳಿಯುತ್ತಿದ್ದಷ್ಟು ಕಾಲ ಬೇರೆ ಯಾವ ಖಜಾಂಚಿಯೂ ಕೊಡದ ಲಾಭ ಕೊಟ್ಟರು. ಕೆಲವು ಶಾಲಾ ಮಂಡಳಿಗಳು ಸಾಲ ಮಾಡಿ ತಂದು ಅವರ ಬಳಿ ಇಟ್ಟವು. ನೀವು ಬ್ಯಾಂಕಿನವರು, ಇದನ್ನು ಓದುವಾಗಲೇ ನಿಮ್ಮ ಎದೆ ಝಲ್ಲೆಂದಿರಬೇಕು.

1994ರ ಫೆಬ್ರುವರಿಯಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿದರ ಏರಿಸತೊಡಗಿತು. ತಂದ ಸಾಲದ ಬಡ್ಡಿ ಏರಿತು, ಕೊಂಡ ಪತ್ರಗಳ ಬೆಲೆ ಇಳಿಯಿತು. ಆ ವರ್ಷ ಸಿಟ್ರನ್ ಎದುರು ನಿಂತವರು ಜಾನ್ ಮೂರ್‌ಲಾಕ್ ಎಂಬ ಲೆಕ್ಕಪರಿಶೋಧಕರು. ನಿಧಿ ಅಪಾಯದಲ್ಲಿದೆ ಎಂದು ಅವರು ಊರೂರಿಗೆ ಹೇಳಿದರು. ಯಾರೂ ಕಿವಿಗೊಡಲಿಲ್ಲ. ಜೂನ್‌ನಲ್ಲಿ ಮೂರ್‌ಲಾಕ್ ಸೋತರು. ಡಿಸೆಂಬರ್ 6ರಂದು ಕೌಂಟಿ ದಿವಾಳಿ ಅರ್ಜಿ ಸಲ್ಲಿಸಿತು. ನಷ್ಟ 160 ಕೋಟಿ ಡಾಲರ್‌ಗೂ ಹೆಚ್ಚು. ಮರುವರ್ಷ ಸಿಟ್ರನ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಹೂಡಿಕೆಯ ತೀರ್ಮಾನಕ್ಕೆ ಅಂಚೆಯಲ್ಲಿ ತರಿಸಿಕೊಂಡ ಜ್ಯೋತಿಷವನ್ನೂ ನೋಡುತ್ತಿದ್ದರೆಂಬುದು ವಿಚಾರಣೆಯಲ್ಲಿ ಹೊರಬಂತು.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಆ ಮನುಷ್ಯ ಒಂದು ಡಾಲರನ್ನೂ ತನ್ನ ಜೇಬಿಗೆ ಹಾಕಿಕೊಂಡಿರಲಿಲ್ಲ. ಪ್ರಾಮಾಣಿಕರಾಗಿದ್ದರೆ ಸಾಕು, ಖಜಾಂಚಿಗೆ ಭಯವಿಲ್ಲ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಅದು ಪೂರ್ತಿ ನಿಜವಲ್ಲ. ಪ್ರತಿ ಚುನಾವಣೆಯಲ್ಲೂ 'ಹೆಚ್ಚು ಲಾಭ ತಂದೆ' ಎಂದು ಹೇಳಬೇಕಾದ ಒತ್ತಡ, ತಜ್ಞನೆಂದು ಎಲ್ಲರೂ ಕೈಮುಗಿದಾಗ ಪ್ರಶ್ನಿಸುವವರೇ ಇಲ್ಲದ ಸ್ಥಿತಿ, ಗೊತ್ತಿಲ್ಲ ಎನ್ನಲಾಗದ ಸಂಕೋಚ, ಈ ಮೂರೂ ಸೇರಿ ಆ ಕೌಂಟಿಯನ್ನು ಮುಳುಗಿಸಿದವು. ಸೋತ ಮೂರ್‌ಲಾಕ್ ಅವರನ್ನು ಕರೆದು 1995ರಲ್ಲಿ ಅದೇ ಕುರ್ಚಿಯಲ್ಲಿ ಕೂರಿಸಿದರು. ಮುಂದೆ ಅವರು ರಾಜ್ಯದ ಸೆನೆಟಿಗೂ ಹೋದರು. ನಿಮ್ಮ ಮಗಳಂತೆಯೇ ಲೆಕ್ಕ ಓದಿದವರು ಅವರು.

ಹಾಗಾದರೆ ಅವಳ ಮುಂದಿನ ದಾರಿಗಳೇನು? ನನಗೆ ಎಲ್ಲಕ್ಕಿಂತ ಹಿಡಿಸುವುದು ಯಾರ ಕಣ್ಣಿಗೂ ಬೀಳದ ಒಂದು ದಾರಿ. ಅಲ್ಲಿ ಶಾಲಾ ಕಟ್ಟಡಗಳಿಗೆ ಶೇಕಡಾ 55ರಷ್ಟು ಮತದಿಂದ ಬಾಂಡ್ ಒಪ್ಪಿಗೆಯಾದರೆ, ಆ ಹಣದ ಖರ್ಚು ನೋಡಲು ನಾಗರಿಕರ ಮೇಲ್ವಿಚಾರಣಾ ಸಮಿತಿ ಇರಲೇಬೇಕೆಂದು 2000ದಿಂದ ಕಾನೂನಿದೆ. ಕನಿಷ್ಠ ಏಳು ಸದಸ್ಯರು. ಸಂಬಳವಿಲ್ಲ, ಚುನಾವಣೆಯಿಲ್ಲ, ಒಂದು ಅರ್ಜಿ ಸಾಕು. ನಾನು ನೋಡಿದ ಸಮಿತಿಗಳಲ್ಲಿ ಸದಸ್ಯರು ಸಿಗದೆ ಕುರ್ಚಿ ಖಾಲಿ ಬಿದ್ದಿರುತ್ತಿದ್ದವು. ಲೆಕ್ಕ ಬಲ್ಲ ಒಬ್ಬರು ಅಲ್ಲಿ ಎರಡು ವರ್ಷ ಕುಳಿತು, ಚಾವಣಿ ರಿಪೇರಿಯ ಬಿಲ್ಲು ಹಿಡಿದು ನೆಟ್ಟಗೆ ಎರಡು ಪ್ರಶ್ನೆ ಕೇಳಿದರೆ ಊರಿಗೆಲ್ಲ ಪರಿಚಯವಾಗುತ್ತಾರೆ. ಕೆಲಸವನ್ನೂ ಬಿಡಬೇಕಾಗಿಲ್ಲ. ಅಪಾಯವೆಂದರೆ ಸಂಜೆಗಳು ಹೋಗುತ್ತವೆ, ಅಷ್ಟೇ.

ಇನ್ನೊಂದು, ನಗರದ ಖಜಾಂಚಿ. ಕ್ಯಾಲಿಫೋರ್ನಿಯಾದ ಕೆಲವು ಊರುಗಳಲ್ಲಿ ಇದು ಈಗಲೂ ಚುನಾಯಿತ ಹುದ್ದೆ, ಎಷ್ಟೋ ಕಡೆ ನೇಮಕದ್ದು. ಸಣ್ಣ ಊರಿನಲ್ಲಿ ಗೌರವಧನ ಕಡಿಮೆ, ಹೊಣೆ ಮಾತ್ರ ಪೂರ್ತಿ. ಗೆದ್ದರೆ 'ಚುನಾಯಿತ ಖಜಾಂಚಿ' ಎಂಬ ಹೆಸರು ಬರುತ್ತದೆ. ಮೂರನೆಯದು, ರಾಜ್ಯ ಖಜಾಂಚಿಯ ಕಚೇರಿಯಲ್ಲೇ ನೌಕರಿ. ಕೆಲಸ ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ, ಆದರೆ ರಾಜಕೀಯ ಚಟುವಟಿಕೆಗೆ ಕೈಕಟ್ಟು ಜಾಸ್ತಿ, ಹೊರಗೆ ಯಾರಿಗೂ ಮುಖಪರಿಚಯವಾಗುವುದಿಲ್ಲ. ನಾಲ್ಕನೆಯದು ಅನ್‌ರೂ ಹೋದ ದಾರಿ, ನಗರಸಭೆಯಿಂದಲೋ ನೇರವಾಗಿಯೋ ಶಾಸನಸಭೆ. ಈಗಿನ ಖಜಾಂಚಿ ಫಿಯೋನಾ ಮಾ ಲೆಕ್ಕಪರಿಶೋಧಕಿಯಾಗಿದ್ದರೂ ಸ್ಯಾನ್ ಫ್ರಾನ್ಸಿಸ್ಕೋದ ಸ್ಥಳೀಯ ಮಂಡಳಿ, ಶಾಸನಸಭೆ, ರಾಜ್ಯದ ತೆರಿಗೆ ಮಂಡಳಿ ದಾಟಿಯೇ 2019ರಲ್ಲಿ ಅಲ್ಲಿಗೆ ಬಂದವರು. ಈ ದಾರಿಯಲ್ಲಿ ಸೋಲು ಬಹಳ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಸ್ಥಾನಕ್ಕೆ ಪಕ್ಷದೊಳಗಿನ ಸ್ಪರ್ಧೆಯಲ್ಲೇ ಸೋತು, ಆಮೇಲೆ ಕೆಳಗಿನ ಮೆಟ್ಟಿಲಿಗೆ ಇಳಿದು ರಾಜ್ಯದ ಶಾಸನಸಭೆಗೆ ಗೆದ್ದು, 2022ರಲ್ಲಿ ಸಂಸತ್ತಿಗೆ ಆರಿಸಿಬಂದರು. ರಾಜ್ಯಮಟ್ಟದ ಸ್ಪರ್ಧೆಗೆ ಬಹಳ ದೊಡ್ಡ ಮೊತ್ತದ ಹಣ ಬೇಕಾಗುತ್ತದೆ. ಅದನ್ನು ಎತ್ತಲು ಅವಳು ದಿನಕ್ಕೆ ಗಂಟೆಗಟ್ಟಲೆ ಅಪರಿಚಿತರಿಗೆ ಫೋನ್ ಮಾಡಿ ಕೇಳಬೇಕು. ಈ ಒಂದು ಕೆಲಸವನ್ನು ತಾಳಲಾರದೆ ಹಿಂದೆ ಸರಿದ ಸಮರ್ಥರನ್ನು ನಾನು ಕಂಡಿದ್ದೇನೆ.

ಮಗಳ ಗಂಡನ ಜೊತೆಗೂ ಈಗಲೇ ಮಾತಾಗಲಿ. ಹುದ್ದೆಗೆ ನಿಂತವರು ತಮ್ಮ ಆರ್ಥಿಕ ಹಿತಾಸಕ್ತಿಗಳ ಘೋಷಣೆ ಸಲ್ಲಿಸಬೇಕು. ಗಂಡನ ಆದಾಯ, ಷೇರುಗಳು ಅದರಲ್ಲಿ ಬರುತ್ತವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಮನೆಯವರಿಗೆ ಇದು ಒಗ್ಗದಿದ್ದರೆ ಮುಂದಿನ ಹೆಜ್ಜೆ ಬೇಡ.

ಕೊನೆಗೆ, ನೀವು ನಾಳೆಯೇ ಮಾಡಬಹುದಾದ ಒಂದು ಕೆಲಸ. ನಿಮ್ಮ ಯಾವುದಾದರೂ ಖಾತೆಯಲ್ಲಿ, ನಿಶ್ಚಿತ ಠೇವಣಿಯಲ್ಲಿ ಮಗಳ ಹೆಸರನ್ನು ಜಂಟಿಯಾಗಿ ಸೇರಿಸಿದ್ದೀರಾ ನೋಡಿ. ನಮ್ಮ ತಲೆಮಾರಿನ ತಂದೆತಾಯಂದಿರು 'ನಾಳೆ ಅನುಕೂಲವಾಗಲಿ' ಎಂದು ಮಕ್ಕಳ ಹೆಸರು ಸೇರಿಸಿ ಅವರಿಗೆ ಹೇಳುವುದನ್ನೇ ಮರೆತಿರುತ್ತೇವೆ. ಅಮೆರಿಕದ ಹೊರಗೆ ಅವಳ ಹೆಸರಿರುವ ಎಲ್ಲ ಖಾತೆಗಳು ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಅಲ್ಲಿನ ಸರ್ಕಾರಕ್ಕೆ ಅವಳು ಪ್ರತಿವರ್ಷ ತಿಳಿಸಿರಬೇಕು. ಹಣ ನಿಮ್ಮದೇ ಆಗಿದ್ದರೂ ಈ ನಿಯಮ ತಪ್ಪದು. ಲೆಕ್ಕಪರಿಶೋಧಕಿಯಾದ ಅಭ್ಯರ್ಥಿಯ ಮೇಲೆ ಎದುರಾಳಿಗೆ ಇದಕ್ಕಿಂತ ಸುಲಭದ ಅಸ್ತ್ರ ಬೇಕಿಲ್ಲ. ಪಾಸ್‌ಬುಕ್‌ಗಳನ್ನು ಹೊರತೆಗೆದು, ಖಾತೆ ಸಂಖ್ಯೆ, ತೆರೆದ ದಿನಾಂಕ, ಪ್ರತಿವರ್ಷದ ಗರಿಷ್ಠ ಶಿಲ್ಕು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅವಳಿಗೆ ಕಳುಹಿಸಿ. ತಪ್ಪಿಹೋಗಿದ್ದರೆ ತಾನಾಗಿ ಮುಂದೆ ಬಂದು ಸರಿಪಡಿಸಿಕೊಳ್ಳಲು ಅಲ್ಲಿ ಅವಕಾಶವಿದೆ, ಆ ಕೆಲಸ ಅವಳಿಗೆ ಗೊತ್ತಿರುತ್ತದೆ. ನಗರಸಭೆಯ ಅಭ್ಯರ್ಥಿಯ ನಮೂನೆಗೆ ಸಹಿ ಹಾಕುವ ಮೊದಲೇ ಆ ಹಾಳೆ ಅವಳ ಕೈಸೇರಲಿ.